ಮೂರನೆಯ ಹೋಡಿ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಕಡೆಯ ಅಣ್ಣಂದಿರಿಗೆಲ್ಲ ಒಂದು ಹೆಚ್ಚಿನ ಕೆಲಸ ಬೀಳುತ್ತದೆ. ನಾಗರ ಪಂಚಮಿಗೆ ತಂಗಿಯನ್ನು ಗಂಡನ ಮನೆಯಿಂದ ಕರೆತರುವ ಕೆಲಸ. ಅವಳು ತಾನಾಗಿ ಬರುವಂತಿಲ್ಲ, ಬಂದರೆ ತವರಿನ ಮರ್ಯಾದೆ ಹೋಯಿತು. ಮಳೆ ಇರಲಿ, ಅಂಗಡಿಯಲ್ಲಿ ಗಿರಾಕಿ ಇರಲಿ, ಅಣ್ಣನೇ ಉಂಡಿಯ ಡಬ್ಬಿ ಹಿಡಿದು ಹೋಗಿ ಕರೆಯಬೇಕು.

ನನ್ನ ತಂಗಿ ಕಸ್ತೂರಿಯ ಗಂಡನ ಮನೆ ಕುಮಾರಪಟ್ಟಣ. ಅವಳು ಅಲ್ಲಿದ್ದಾಗ ಈ ಕೆಲಸ ಸುಲಭವಿತ್ತು. ಬೆಳಿಗ್ಗೆ ಬ್ಯಾಡಗಿ ಬಿಟ್ಟು, ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ, ನಡುವೆ ಒಂದು ಮಿರ್ಚಿ ಭಜಿ, ಚಹಾ ಮುಗಿಸಿದರೂ ಊಟದ ಹೊತ್ತಿಗೆ ಅವಳ ಮನೆಯ ಪಡಸಾಲೆಯಲ್ಲಿರುತ್ತಿದ್ದೆ. ಸಂಜೆಗೆ ಅಣ್ಣ ತಂಗಿ ಇಬ್ಬರೂ ವಾಪಸು ಬ್ಯಾಡಗಿ. ಆಮೇಲೆ ಅವಳ ಗಂಡನಿಗೆ ಕೆನ್ಯಾ ದೇಶದಲ್ಲಿ ಬಂದರು ಕಟ್ಟುವ ಕೆಲಸ ಸಿಕ್ಕಿತು. ಗಂಡ ಹೆಂಡತಿ ಲಾಮು ಎಂಬ ದ್ವೀಪದಲ್ಲಿ ಮನೆ ಮಾಡಿದರು. ಮೂರು ವರ್ಷದ ಹಿಂದೆ ಅವಳ ಗಂಡ ಎದೆನೋವು ಬಂದು ಅಲ್ಲಿಯೇ ತೀರಿಕೊಂಡರು. ಮಕ್ಕಳಿಲ್ಲ. ಇನ್ನು ಕಸ್ತೂರಿ ಬಂದೇ ಬರುತ್ತಾಳೆಂದು ನಾವು ಮೇಲಿನ ಕೋಣೆಗೆ ಬಣ್ಣ ಹೊಡೆಸಿ, ಹೊಸ ಗಾದಿ ಹಾಕಿಸಿದೆವು. ಅವಳು ಬರಲಿಲ್ಲ. ಅಲ್ಲಿಯ ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತ ಉಳಿದುಬಿಟ್ಟಳು.

ಫೋನು ಮಾಡಿ ಕೇಳಿದಾಗಲೆಲ್ಲ "ನೋಡೂಣು ಅಣ್ಣಾ" ಎನ್ನುತ್ತಿದ್ದಳು. ನನ್ನದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. 'ನೋಡೂಣು' ಎಂಬ ಮಾತಿನ ಅರ್ಥ ನನಗೆ ಗೊತ್ತಿಲ್ಲವೇ? ಪೇಟೆಯಲ್ಲಿ 'ಒಲ್ಲೆ' ಎಂದು ಹೇಳಲು ಸಂಕೋಚವಾದವರು ಅದನ್ನೇ ಹೇಳುತ್ತಾರೆ. ಹೀಗಾಗಿ ಈ ಸಲದ ಪಂಚಮಿಗೆ ಸಮುದ್ರ ದಾಟಿಯಾದರೂ ಸರಿ, ಕರೆದುಕೊಂಡೇ ಬರುತ್ತೇನೆಂದು ಹೊರಟೆ. ಬಂದವಳನ್ನು ಮತ್ತೆ ಕಳಿಸುವ ವಿಚಾರ ನನಗಿರಲಿಲ್ಲ.

ಮಾಂಡಾ ದ್ವೀಪ

ಕೆನ್ಯಾದ ಉತ್ತರದ ಮೂಲೆಯಲ್ಲಿ, ಸೊಮಾಲಿಯಾ ಗಡಿಯ ಹತ್ತಿರ, ದಂಡೆಗೆ ಅಂಟಿಕೊಂಡಂತೆ ಕೆಲವು ದ್ವೀಪಗಳಿವೆ. ಲಾಮು, ಮಾಂಡಾ, ಪಾಟೆ ದೊಡ್ಡವು; ಉಳಿದವು ಅವುಗಳ ಮರಿಗಳು. ವಿಮಾನ ಇಳಿಯುವುದು ಮಾಂಡಾದಲ್ಲಿ. ಊರಿರುವುದು ಲಾಮುವಿನಲ್ಲಿ. ನಡುವೆ ಒಂದು ಕಾಲುವೆಯಷ್ಟು ಸಮುದ್ರ, ನಮ್ಮ ತುಂಗಭದ್ರೆ ತುಂಬಿದಾಗ ಕುಮಾರಪಟ್ಟಣದ ಹತ್ತಿರ ಕಾಣುವಷ್ಟು ಅಗಲ. ಆದರೆ ಈ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ನದಿಯನ್ನು ನೋಡಿ ಬೆಳೆದವನಿಗೆ ಇದು ಶಿಸ್ತಿಲ್ಲದ ನೀರು ಎನಿಸಿತು.

ಕಸ್ತೂರಿ ದೋಣಿ ನಿಲ್ಲುವ ದಕ್ಕೆಯ ಮೇಲೆ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು, ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಹಿಡಿದಿದ್ದಳು. ಕೂದಲು ಇಷ್ಟು ಬೆಳ್ಳಗಾಗಿದೆಯೆಂದು ಫೋನಿನಲ್ಲಿ ಕಂಡಿರಲಿಲ್ಲ. ಏನು ಮಾತಾಡುವುದೆಂದು ತಿಳಿಯದೆ, "ಖಾರದ ಪುಡಿ ತಂದೇನಿ" ಎಂದೆ.

ಅದೇ ತಪ್ಪಾಯಿತು. ದೋಣಿಯಲ್ಲಿ ಕುಳಿತ ಮೇಲೆ ಅವಳಿಗೆ ತೋರಿಸೋಣವೆಂದು ಚೀಲ ತೆಗೆದೆ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡಿದವರು ಗಂಟನ್ನು ಸಡಿಲ ಬಿಟ್ಟಿದ್ದರು. ಗಾಳಿ ಒಂದು ಹಿಡಿ ಪುಡಿಯನ್ನು ಎತ್ತಿಕೊಂಡು ಇಡೀ ದೋಣಿಗೆ ಹಂಚಿತು. ಕಪ್ಪು ಬುರ್ಖಾದ ಹೆಂಗಸರು, ಕೋಳಿ ಹಿಡಿದುಕೊಂಡಿದ್ದ ಮುದುಕ, ದೋಣಿಯವನು, ಎಲ್ಲರೂ ಸೀನತೊಡಗಿದರು. ಕೋಳಿ ಕೂಡ ಏನೋ ಒಂದು ಸದ್ದು ಮಾಡಿತು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಗಿರಾಕಿಗಳಿಗೆ ಹೇಳುತ್ತ ಬಂದವನು ನಾನು. ಆ ದೋಣಿಯಲ್ಲಿ ಯಾರೂ ಅದನ್ನು ನಂಬುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಪುಡಿ ಬಿದ್ದದ್ದು ನನ್ನ ಕಣ್ಣಿಗೇ. ನಾನು ಕಣ್ಣು ಉಜ್ಜಿಕೊಳ್ಳುತ್ತಿದ್ದರೆ ಅವರೆಲ್ಲ ಸೀನುತ್ತಲೇ ನನ್ನ ಕಡೆ ನೋಡಿ "ಪೋಲೆ, ಪೋಲೆ" ಎನ್ನತೊಡಗಿದರು. ನನಗೆ ಸಿಟ್ಟು ಬಂತು.

"ಯಾರಿಗೆ ಪೋಲಿ ಅನ್ನಾಕತ್ತಾರ ಇವರು?"

"ಪೋಲಿ ಅಲ್ಲ ಅಣ್ಣಾ, ಪೋಲೆ," ಎಂದಳು ಕಸ್ತೂರಿ, ನನ್ನ ಮುಖಕ್ಕೆ ನೀರು ಚಿಮುಕಿಸುತ್ತ. "ಯಾರಿಗರ ತ್ರಾಸ ಆದ್ರ ಹಂಗ ಅಂತಾರ. ನಿನಗ ನೋವಾತಲಾ, ನನಗೂ ಕೆಟ್ಟ ಅನಿಸ್ತು ಅಂತ."

ಅವರ ಕಣ್ಣಿಗೆ ಖಾರ ಹಾಕಿದವನು ನಾನು, ಸಮಾಧಾನ ಹೇಳುವವರು ಅವರು. ಉಳಿದ ದಾರಿ ಚೀಲದ ಬಾಯಿ ಹಿಡಿದು ಕುಳಿತೆ.

ಲಾಮು

ಲಾಮು ಊರಿನೊಳಗೆ ಕಾರಿನ ದಾರಿಯಿಲ್ಲ. ಕತ್ತೆಗಳಿವೆ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರು ಬಂದ ಕತ್ತೆಗೆ ನಾನೇ ದಾರಿ ಬಿಡಬೇಕಾಯಿತು. ಮನೆಗಳೆಲ್ಲ ಸಮುದ್ರದ ಹವಳದ ಕಲ್ಲಿನವು. ಮೇಲ್ಛಾವಣಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ತೊಲೆ. ಆ ಮರ ಎಷ್ಟು ಉದ್ದ ಸಿಗುತ್ತದೋ ಕೋಣೆಯ ಅಗಲ ಅಷ್ಟೇ. ಹೀಗಾಗಿ ಶ್ರೀಮಂತನ ಕೋಣೆಯೂ ಬಡವನ ಕೋಣೆಯೂ ಅಗಲದಲ್ಲಿ ಒಂದೇ. ಪ್ರತಿ ಬಾಗಿಲ ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಮುದುಕರು. ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಯಾರ ಮಗ ಏನು ಮಾಡಿದ ಎಂಬ ಮಾತೇ ನಡೆದಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಈ ಊರು ನೂರಾರು ವರ್ಷಗಳಿಂದ ಗಾಳಿಯ ಮೇಲೆ ಬದುಕಿದೆ. ವರ್ಷದ ಅರ್ಧ ಈಶಾನ್ಯದ ಗಾಳಿ. ಅದನ್ನು ಹಿಡಿದು ಅರಬಸ್ತಾನದ, ಗುಜರಾತದ ಹಡಗುಗಳು ಬಟ್ಟೆ, ಪಿಂಗಾಣಿ ತರುತ್ತಿದ್ದವು. ಇನ್ನರ್ಧ ದಕ್ಷಿಣದ ಗಾಳಿ, ಅದಕ್ಕೆ ಕುಸಿ ಎನ್ನುತ್ತಾರೆ. ಅದನ್ನು ಹಿಡಿದು ಆನೆಯ ದಂತ, ಕಾಂಡ್ಲಾ ತೊಲೆ, ಗುಲಾಮರೆಂದು ಹಿಡಿದು ತಂದ ಮನುಷ್ಯರನ್ನೂ ತುಂಬಿಕೊಂಡು ಹಡಗುಗಳು ತಿರುಗಿ ಹೋಗುತ್ತಿದ್ದವು. ನಡುವೆ ಪೋರ್ಚುಗೀಸರು ಬಂದು ಕಪ್ಪ ವಸೂಲಿ ಮಾಡಿದರು. ಅದೇ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂತಂತೆ. ಅವರನ್ನು ಬೈಯಬೇಕೆಂದು ಬಾಯಿ ತೆರೆದವನು ಅನ್ನದ ಋಣ ನೆನೆದು ಮುಚ್ಚಿಕೊಂಡೆ. ಅವರು ಬರದಿದ್ದರೆ ಬ್ಯಾಡಗಿ ಎಂಬುದು ರೈಲು ನಿಲ್ಲುವ ಒಂದು ಸಣ್ಣ ಊರಾಗಿರುತ್ತಿತ್ತು.

ಬಂದ ದಿನ ಮಧ್ಯಾಹ್ನ ಉಂಡು ಮಲಗಿದ್ದೆ. ಇನ್ನೂ ಕಣ್ಣು ಹತ್ತಿರಲಿಲ್ಲ, ಬಾಗಿಲ ಹೊರಗೆ ಒಬ್ಬ ಹೆಂಗಸು ಜೋರಾಗಿ ಕೂಗಿದಳು: "ಹೋಡಿ! ಹೋಡಿ!"

ಅರೆನಿದ್ದೆಯ ಕಿವಿಗೆ ಅದು 'ಹೊಡಿ, ಹೊಡಿ' ಎಂದೇ ಕೇಳಿಸಿತು. ಓಣಿಯಲ್ಲಿ ಜಗಳ ಹತ್ತಿದೆ, ಯಾರೋ ಯಾರನ್ನೋ ಹೊಡೆಸುತ್ತಿದ್ದಾರೆ, ತಂಗಿ ಎಲ್ಲಿದ್ದಾಳೋ ಎಂದು ಎದ್ದವನೇ ಮೂಲೆಯಲ್ಲಿದ್ದ ಛತ್ರಿ ಹಿಡಿದು "ಯಾವನವ ಹೊಡಿಯಾಂವ, ಬಾ" ಎಂದು ಬಾಗಿಲು ತೆರೆದೆ. ಎದುರಿಗೆ ಒಬ್ಬ ಅಜ್ಜಿ, ಕೈಯಲ್ಲಿ ಮುಚ್ಚಿದ ತಟ್ಟೆ. ನನ್ನ ಛತ್ರಿ ನೋಡಿದಳು, ನನ್ನ ಬನಿಯನ್ ನೋಡಿದಳು, ಆಮೇಲೆ ಆಕಾಶ ನೋಡಿದಳು. ಮಳೆ ಇರಲಿಲ್ಲ.

ಅಡುಗೆಮನೆಯಿಂದ ಓಡಿ ಬಂದ ಕಸ್ತೂರಿ ನಕ್ಕಳು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ಹೋದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಯಾರಾದರೂ ಬಂದು ಕೂಗಲಿ, ಛತ್ರಿ ಹಿಡಿದು ಮತ್ತೆ ಹೋಗುತ್ತೇನೆ ಎನಿಸಿತು.

ಬಂದವರು ಪಕ್ಕದ ಮನೆಯ ಬೀ ಮರ್ಯಾಮು. ನನ್ನ ಬಾಯಲ್ಲಿ ಅವರು ಅಂದೇ ಮರಿಯಮ್ಮ ಆದರು. ಅತಿಥಿ ಬಂದಿದ್ದಾನೆಂದು ತೆಂಗಿನ ಹಾಲಿನ ಅನ್ನ ತಂದಿದ್ದರು. ಅವರು ಹೋದ ಮೇಲೆ ಕಸ್ತೂರಿ ಹೇಳಿದಳು.

"ಹೋಡಿ ಅಂದ್ರ, ಒಳಗ ಬರಲೇನು ಅಂತ. ಒಳಗಿದ್ದವರು ಕರಿಬು ಅನಬೇಕು. ಅಂದ್ರನ ಬರೂದು."

"ಕರಿಬೇವು?"

"ಕರಿಬು. ಬರ್ರಿ ಅಂತ. ಮೂರು ಸಲ ಹೋಡಿ ಅನಬೇಕು ಅಣ್ಣಾ. ಮೂರಕ್ಕೂ ಒಳಗಿಂದ ಮಾತು ಬರಲಿಲ್ಲಂದ್ರ ಸಿಟ್ಟ ಮಾಡ್ಕೊಳ್ಳದ ಹೊಳ್ಳಿ ಹೋಗಬೇಕು. ನಾಕನೇ ಸಲ ಕೂಗೂ ಹಂಗಿಲ್ಲ."

ನಮ್ಮಲ್ಲಿ ಈ ಕಟ್ಟಳೆ ಇಲ್ಲ. ಹಾಲಿನವಳು, ಬೀಗರು, ಪಕ್ಕದ ಮನೆಯವರು, ಎಲ್ಲರೂ "ಏನ ಮಾಡಾಕತ್ತೀರಿ?" ಎನ್ನುತ್ತ ಸೀದಾ ಅಡುಗೆಮನೆಗೇ ಬಂದಿರುತ್ತಾರೆ. ಅದು ಪ್ರೀತಿ ಎಂದೇ ನಾನು ತಿಳಿದಿದ್ದೆ. ಈಗಲೂ ಹಾಗೇ ತಿಳಿದಿದ್ದೇನೆ. ಆದರೆ ಹೊಸ್ತಿಲ ಹೊರಗೆ ನಿಂತು ಕಾಯುವುದೂ ಒಂದು ಪ್ರೀತಿ ಎಂಬುದು ಗೊತ್ತಿರಲಿಲ್ಲ.

ಸಂಜೆ ಮಾಳಿಗೆಯ ಮೇಲೆ ಕುಳಿತೆವು. ಕುಸಿ ಗಾಳಿ ಬೀಸುತ್ತಿತ್ತು. ಅವಳು ಊರಿನ ಸುದ್ದಿ ಒಂದೊಂದಾಗಿ ಕೇಳಿದಳು. ಕಾಗಿನೆಲೆಯ ದಾರಿ ಈಗ ಹೇಗಿದೆ, ಪೇಟೆಯಲ್ಲಿ ಈ ಸಲ ಕಾಯಿ ಹೇಗೆ ಬಂತು. "ಸುಗ್ಗಿಯಾಗ ಸ್ಟೇಷನ್ನಿಗೆ ಇಳದ ಕೂಡ್ಲೆ ಈಗೂ ಸೀನು ಬರತಾವೇನು?" ಬರುತ್ತವೆ ಎಂದೆ. ಖಾರದ ಪುಡಿಯ ಚೀಲ ಅವಳ ಮಡಿಲಲ್ಲಿತ್ತು. ಆಗಾಗ ಗಂಟು ಬಿಚ್ಚಿ ಮೂಸಿ ನೋಡಿ ಮತ್ತೆ ಕಟ್ಟುತ್ತಿದ್ದಳು. ಇಷ್ಟು ಆಸೆ ಇಟ್ಟುಕೊಂಡವಳು ಇಲ್ಲೇಕೆ ಇದ್ದಾಳೆ ಎಂದು ನನಗೆ ಸಂಕಟವಾಯಿತು.

"ಕಸ್ತೂ, ಪಂಚಮಿಗೆ ಕರಿಯಾಕ ಬಂದೇನಿ. ನಡಿ ಹೋಗೂಣು. ಮ್ಯಾಲಿನ ಖೋಲಿ ನಿಂದ. ಬಂದ್ರ ಅಲ್ಲೇ ಇದ್ದಬಿಡು."

ಅವಳು ಚೀಲದ ಗಂಟು ಬಿಗಿದಳು. ಆಮೇಲೆ ನಕ್ಕು, "ಒಂದನೇ ಹೋಡಿ ಆತು ಅಣ್ಣಾ," ಎಂದಳು.

ಟಕ್ವಾ

ಮಾಂಡಾ ದ್ವೀಪದ ಹಿಂಭಾಗದಲ್ಲಿ ಟಕ್ವಾ ಎಂಬ ಹಾಳೂರಿದೆ. ಸಮುದ್ರ ಏರಿದಾಗ ಮಾತ್ರ ಕಾಂಡ್ಲಾ ಮರಗಳ ನಡುವಿನ ಕಿರುದಾರಿಯಲ್ಲಿ ದೋಣಿ ಹೋಗುತ್ತದೆ. ಸಲೀಮ್ ಎಂಬ ದೋಣಿಯವನ ಜೊತೆ ಹೋದೆವು. ಮಸೀದಿಯ ಗೋಡೆ, ಬಾವಿ, ಕಂಬ ನಿಲ್ಲಿಸಿದ ಒಂದು ಗೋರಿ ಉಳಿದಿವೆ. ಒಂದು ಕಾಲಕ್ಕೆ ತುಂಬಿದ ಊರಂತೆ. ಬಾವಿಗೆ ಉಪ್ಪು ಇಳಿಯಿತೋ, ಶತ್ರುಗಳ ಕಾಟವೋ, ಜನ ಬಿಟ್ಟು ನಡೆದರು. ಎದುರಿನ ಲಾಮು ದ್ವೀಪದ ಶೇಲಾ ಎಂಬಲ್ಲಿ ಮನೆ ಕಟ್ಟಿಕೊಂಡರು. ಆ ಶೇಲಾದವರು ಇಂದಿಗೂ ಮಳೆ ಕೇಳಲು ಈ ಹಾಳೂರಿನ ಗೋರಿಗೆ ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರಂತೆ.

ಅಲ್ಲಿ ಒಂದು ಮರ ನೋಡಿ ನಿಂತುಬಿಟ್ಟೆ. ಆನೆಯಂಥ ಕಾಂಡ, ಬೇರನ್ನೇ ಮೇಲೆ ಮಾಡಿ ನೆಟ್ಟಂಥ ಟೊಂಗೆ. "ಸವಣೂರಿನ ದೊಡ್ಡ ಹುಣಸಿಮರ!" ಎಂದು ಕೂಗಿದೆ. ನಮ್ಮ ಸವಣೂರಿನ ಮಠದಲ್ಲಿರುವ, ಹೆಸರಿಗಷ್ಟೇ ಹುಣಸೆಯಾದ ಮರಗಳ ಜಾತಿಯೇ ಅದು. ಸಣ್ಣವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಿದ್ದ. ಕೈಗೆ ಕೈ ಹಿಡಿದು ಕಾಂಡವನ್ನು ತಬ್ಬಲು ಹೋಗಿ ಸೋತಿದ್ದೆವು. ಟಕ್ವಾದಲ್ಲಿ ಈ ವಯಸ್ಸಿನಲ್ಲಿ ಮತ್ತೆ ಪ್ರಯತ್ನಿಸಿದೆವು, ಮತ್ತೆ ಸೋತೆವು. ಸಲೀಮ್ ನಮ್ಮನ್ನು ವಿಚಿತ್ರವಾಗಿ ನೋಡಿದ.

ಈ ಮರದ ಸಂಭ್ರಮದಲ್ಲಿ ಸಲೀಮ್ ಕರೆದದ್ದು ಕಿವಿಗೆ ಬೀಳಲಿಲ್ಲ. ನೀರು ಇಳಿಯಿತು. ನಾವು ಹತ್ತುವಷ್ಟರಲ್ಲಿ ದೋಣಿ ಕೆಸರಿನಲ್ಲಿ ಕುಳಿತಿತ್ತು. ಇನ್ನೂರು ವರ್ಷದ ಹಿಂದೆ ಪಾಟೆ ದ್ವೀಪದವರು ಮೊಂಬಾಸಾದವರ ಜೊತೆಗೂಡಿ ಲಾಮು ಗೆಲ್ಲಲು ಬಂದು, ಶೇಲಾದ ದಂಡೆಯಲ್ಲಿ ಇದೇ ರೀತಿ ನೀರಿಳಿದು, ದೋಣಿ ನೂಕಲಾಗದೆ ಸೋತುಹೋದರಂತೆ. ಪಾಟೆಯ ಸಿರಿ ಅಲ್ಲಿಗೆ ಇಳಿಯಿತು, ಲಾಮು ಮೇಲಾಯಿತು. ಗೆದ್ದವರು ರಕ್ಷಣೆಗೆಂದು ಒಮಾನಿನ ಸುಲ್ತಾನನನ್ನು ಕರೆದರು. ಅವನು ಬಂದವನು ಹೋಗಲಿಲ್ಲ. ಕಸ್ತೂರಿ ಇದನ್ನು ಹೇಳುತ್ತಿದ್ದಾಗ ಸಲೀಮ್ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿಬಿಟ್ಟಿದ್ದ.

ಆಗ ನನ್ನ ಹೆಂಡತಿಯ ಫೋನು ಬಂತು. ತಂಗಿ ಬರುತ್ತಾಳಂತೇನು ಎಂದು ಕೇಳಿದಳು. ದೋಣಿಯ ಇನ್ನೊಂದು ತುದಿಯಲ್ಲಿ ಕಸ್ತೂರಿ ಕುಳಿತಿದ್ದಾಳೆಂಬುದನ್ನು ಮರೆತು ಹೇಳಿದೆ: "ಇನ್ನೂ ಹೂಂ ಅಂದಿಲ್ಲ. ಪಾಪ, ಒಬ್ಬಾಕೀನ ಎಷ್ಟ ದಿನಾ ಅಂತ ಇರತಾಳ."

ಫೋನು ಇಟ್ಟ ಮೇಲೆ ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

"ನೋಡಣ್ಣಾ, ಇದಕ್ಕ ನಾ ಬರೂದಿಲ್ಲ. ಅವರು ಹೋದಾಗ ಇಲ್ಲಿಯವರು ಓಣಿ ಮಂದಿ ಎಲ್ಲಾ ಬಂದ ಪೋಲೆ ಅಂದ್ರು. ನನ್ನ ಮುಖ ನೋಡಿ ಅಂದ್ರು. ಅಂದ್ರು, ಮುಗೀತು. ಮರುದಿನದಿಂದ ನಾ ಮತ್ತ ಮ್ವಾಲಿಮು, ಅಂದ್ರ ಮಾಸ್ತರಬಾಯಿ. ನಮ್ಮಲ್ಲಿ ಪಾಪ ಅಂತಾರ. ಬೆನ್ನ ಹಿಂದ ಅಂತಾರ. ಅದು ಮುಗಿಯೂದೇ ಇಲ್ಲ. ನಾ ಸಾಯೂತನಕ ನನ್ನ ಹೆಸರ ಕಸ್ತೂರಿ ಅಲ್ಲ, ಪಾಪ ಕಸ್ತೂರಿ."

ಅವಳು ದಂಡೆಯ ಮರ ತೋರಿಸಿದಳು.

"ಸವಣೂರಿನ ಮರ ಈ ಕಡಿಂದನ ಹೋಗಿದ್ದಂತ. ಅದಕ್ಕ ಯಾರರ ಪಾಪ ಅಂದಾರೇನು? ನಿನ್ನ ಊರಿಗೆ ಹೋಗು ಅಂದಾರೇನು? ಪೂಜಿ ಮಾಡ್ತಾರ."

ಆದರೂ ನಾನು ಹಟ ಬಿಡಲಿಲ್ಲ. "ಯಾರೂ ಪಾಪ ಅನದಂಗ ನಾ ನೋಡ್ಕೋತೇನಿ. ಮೊದಲ ನನ್ನ ಬಾಯಿ ಕಟ್ತೇನಿ. ಬಾ ಕಸ್ತೂ," ಎಂದೆ.

"ಎರಡು," ಎಂದಳು ಮೆಲ್ಲಗೆ. ಈ ಸಲ ನಗಲಿಲ್ಲ. ನೀರು ಏರಿ ದೋಣಿ ತಾನಾಗಿ ಅಲುಗುವವರೆಗೆ ಇಬ್ಬರೂ ಹಾಗೇ ಕುಳಿತಿದ್ದೆವು.

ಪಂಚಮಿ

ಕರೆದೊಯ್ಯಲು ಬಂದವನು ಪಂಚಮಿಯನ್ನು ಅಲ್ಲಿಯೇ ಮಾಡಿದೆ. ದೋಣಿಯ ಹಗ್ಗ ತಂದು ಅವಳ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದೆ. ಬೇವಿನ ಮರ ಅಲ್ಲಿಯೂ ಇದೆ ಎಂಬುದೇ ನನಗೆ ಅರ್ಧ ಹಬ್ಬ. ಸುದ್ದಿ ಹೇಗೆ ಹಬ್ಬಿತೋ, ಅವಳ ಶಾಲೆಯ ಹುಡುಗಿಯರು ಒಬ್ಬೊಬ್ಬರಾಗಿ ಬಾಗಿಲಲ್ಲಿ "ಹೋಡಿ" ಎಂದರು. ನಾನೇ ಒಳಗಿನಿಂದ "ಕರಿಬು, ಬರ್ರಿ ಬರ್ರಿ" ಎಂದು ಎರಡೂ ಭಾಷೆಯಲ್ಲಿ ಕರೆದೆ. ಮರಿಯಮ್ಮ ಶೇಂಗಾ ಉಂಡಿ ತಿಂದು, ಹಲ್ಲು ಕೆಟ್ಟವರಿಗೂ ತಿನ್ನಲು ಬರುವ ತಿಂಡಿಯೆಂದು ಇನ್ನೊಂದು ಕೇಳಿದರು. ಎಲ್ಲರ ಸರದಿ ಮುಗಿದ ಮೇಲೆ ಕಸ್ತೂರಿಯನ್ನು ಕೂಡಿಸಿ ತೂಗಿದೆ. ಬೇಡ ಬೇಡ ಎನ್ನುತ್ತಲೇ ಕುಳಿತವಳು ಜೀಕು ಏರಿದಂತೆ ಸೆರಗು ಬಿಟ್ಟು ಎರಡೂ ಕೈಯಿಂದ ಹಗ್ಗ ಹಿಡಿದಳು. ಬ್ಯಾಡಗಿಯ ನಮ್ಮ ಹಿತ್ತಲಲ್ಲಿ ಹೀಗೆ ಕುಳಿತಿದ್ದರೆ, ಗಂಡನಿಲ್ಲದವಳು ಜೋಕಾಲಿ ಆಡುತ್ತಾಳೆಂದು ಗೋಡೆಯಾಚೆ ಎಷ್ಟು ತಲೆ ಏಳುತ್ತಿದ್ದವು ಎಂದು ಎಣಿಸಿದೆ. ಅವಳು ಹೇಳಿದ್ದು ಖರೆ ಎಂದು ಆಗ ತಿಳಿಯಿತು.

ನಮ್ಮಲ್ಲಿ ನಾಗಪ್ಪನಿಗೆ ಹಾಲು ಎರೆಯುವಾಗ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಪಾಲು ಹಾಕುತ್ತಾರೆ. ಅಲ್ಲಿ ಹುತ್ತವಿಲ್ಲ, ನಾಗರಕಲ್ಲಿಲ್ಲ. ಕಸ್ತೂರಿ ಬಟ್ಟಲು ಹಿಡಿದು ಸಮುದ್ರದ ಮೆಟ್ಟಿಲಿಗೆ ನಡೆದಳು. ಅವಳ ಗಂಡನ ಅಸ್ಥಿ ಬಿಟ್ಟದ್ದು ಆ ನೀರಿನಲ್ಲೇ. ಬೊಗಸೆಯಿಂದ ಎರೆಯುತ್ತ ಹೇಳಿದಳು: "ದೇವರ ಪಾಲು. ಅವ್ವನ ಪಾಲು. ಅಪ್ಪನ ಪಾಲು. ಅಣ್ಣನ ಪಾಲು. ವೈನಿ ಪಾಲು." ಸ್ವಲ್ಪ ತಡೆದು, "ಅವರ ಪಾಲು" ಎಂದಳು. ಬಟ್ಟಲಲ್ಲಿ ಇನ್ನೂ ಹಾಲಿತ್ತು. ನಾನು ಅದನ್ನು ಇಸಿದುಕೊಂಡು "ತಂಗಿ ಪಾಲು" ಎಂದು ಎರೆದೆ.

ಗಾಳಿ ನಮ್ಮ ಬೆನ್ನಿಗೆ ಬೀಸುತ್ತಿತ್ತು. "ಈ ಗಾಳಿನ ಸಮುದ್ರ ದಾಟಿ ನಮ್ಮ ಕಡೆ ಮಳಿ ತರೂದು ಅಣ್ಣಾ," ಎಂದಳು. "ದಿನಾ ಸಂಜಿಗೆ ಮಾಳಗಿ ಮ್ಯಾಲೆ ನಿಂತು, ಈಗ ಬ್ಯಾಡಗಿಗೆ ಹೊಂಟೈತಿ ಅಂತ ನೋಡಕೋತ ನಿಂದರತೇನಿ."

ಮತ್ತೆ ದಕ್ಕೆ

ಹೊರಡುವ ದಿನ ಮಾಂಡಾದ ದಕ್ಕೆಯವರೆಗೆ ಬಂದಳು. ನನ್ನ ಚೀಲ ಹಗುರಾಗಿತ್ತು. ಉಂಡಿ, ಖಾರದ ಪುಡಿ ಎಲ್ಲ ಅವಳ ಮನೆಯಲ್ಲಿತ್ತು. ಹೋಗಬೇಕಾದವರು ಹೋಗುತ್ತಿದ್ದರು. ನಾನು ನಿಂತೇ ಇದ್ದೆ, ಅವಳೂ ನಿಂತೇ ಇದ್ದಳು. 'ಬಾ ಕಸ್ತೂ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂದರೆ ಅದು ಮೂರನೆಯದು. ಅವಳು ಸುಮ್ಮನಿದ್ದರೆ ನಾನು ಸಿಟ್ಟಾಗದೆ ತಿರುಗಿ ಹೋಗಬೇಕು, ಮತ್ತೆ ಕೂಗುವಂತಿಲ್ಲ. ಇಷ್ಟು ದೂರ ಬಂದದ್ದೇ ಆ ಮಾತಿಗಾಗಿ. ನುಂಗಿಕೊಂಡೆ.

ಅವಳೇ ಕೇಳಿದಳು. "ಅಣ್ಣಾ, ಮೂರನೇದು ಕೇಳಲೇ ಇಲ್ಲಲಾ?"

"ಇಟಗೊಂಡೇನಿ," ಎಂದೆ.

ಅವಳ ಕಣ್ಣು ತುಂಬಿತು. ನನ್ನ ತೋಳು ಗಟ್ಟಿಯಾಗಿ ಹಿಡಿದು, "ಇಟಗೋ ಅಣ್ಣಾ. ಕಳಕೋಬ್ಯಾಡ," ಎಂದಳು.

ಬ್ಯಾಡಗಿ

ಊರಿಗೆ ಬಂದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಮಾಳಿಗೆಗೆ ಹೋಗಿ ತುಸು ಹೊತ್ತು ನೆನೆದು ನಿಂತೆ. ಮನೆಯವರು ವಿದೇಶದಲ್ಲಿ ತಲೆ ಕೆಟ್ಟಿದೆ ಎಂದುಕೊಂಡರು. ಮೇಲಿನ ಕೋಣೆಯ ಕಿಟಕಿ ತೆರೆದು, ಗಾದಿ ಕೊಡವಿ, ಹಾಗೇ ಹಾಸಿಟ್ಟು ಬಂದೆ.

ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಪಕ್ಕದ ಅಂಗಡಿಯವರು ಕೇಳುತ್ತ ಕೇಳುತ್ತ ಒಳಗೇ ಬಂದು ಗಾದಿಯ ಮೇಲೆ ಕುಳಿತರು.

"ಏನ್ರಿ, ತಂಗಿ ಬರಲಿಲ್ಲಂತ? ಪಾಪ, ಕಸ್ತೂರಿ."

"ಪಾಪ ಅನಬ್ಯಾಡ್ರಿ," ಎಂದೆ. "ಆಕಿ ಅಲ್ಲಿ ಮಾಸ್ತರಬಾಯಿ ಅದಾಳ."

"ಅಲ್ರಿ, ಅಷ್ಟ ದೂರ ಹೋಗಿ ಕರದೇ ಇಲ್ಲೇನು?"

"ಎರಡ ಸಲ ಕರದೇನ್ರಿ," ಎಂದೆ. "ಇನ್ನೊಂದ ಐತಿ."